ಬಾವೀಲಿ ಪೆಟ್ರೋಲ್ ವಾಸನೆ: ಮುಚ್ಚಿ ಬೋರ್ ಕೊರೆಸೋದಾ?

ತೋಟದಮನೆ (ಹಾಸನ): ಊರ ಹೊರಗೆ ಹೆದ್ದಾರಿ ಪಕ್ಕ ನಮ್ಮ ಜಾಗ. ಮಳೆ ಶುರುವಾದಾಗಿಂದ ಬಾವಿ ನೀರು ಪೆಟ್ರೋಲ್ ನಾತ, ಮೇಲೆ ಬಣ್ಣಬಣ್ಣದ ಪೊರೆ. ಪಕ್ಕದಲ್ಲಿ ಮುಚ್ಚಿಹೋದ ಹಳೇ ಬಂಕಿದೆ, ಟ್ಯಾಂಕ್ ಇನ್ನೂ ನೆಲದೊಳಗೇ ಇದೆ. ಬ್ಲೀಚಿಂಗ್ ಹಾಕಿ ಅಂತಾರೆ ಕೆಲವರು. ಮನೇಲಿ, ಬಾವಿ ಮುಚ್ಚಿ ಬೋರ್ ಕೊರೆಸೋಣ ಅಂತಾರೆ.

ಆಲೂರುಹುಡುಗ: ಬೋರೇ ಸರಿ ಅಣ್ಣ. ಪೆಟ್ರೋಲ್ ನೀರಿನ ಮೇಲೆ ತೇಲುತ್ತೆ, ಮುನ್ನೂರು ಅಡಿ ಕೆಳಗೆ ಎಲ್ಲಿ ಹೋಗುತ್ತೆ?

ಕಲ್ಲುನೀರು: ತೇಲುತ್ತೆ, ನಿಜ. ಆದ್ರೆ ಅದರೊಳಗಿನ ಬೆಂಜೀನ್ ನೀರಲ್ಲಿ ಕರಗುತ್ತೆ, ಅದು ಕ್ಯಾನ್ಸರ್ ತರೋ ವಸ್ತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯೋ ನೀರಿಗೆ ಇಟ್ಟಿರೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಮ್ಮ ಕಡೆ ಮೇಲೆ ಮಣ್ಣು, ಆಮೇಲೆ ಶಿಥಿಲವಾದ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ಬೋರಿಗೆ ನೀರು ಬರೋದು ಬಂಡೆ ಬಿರುಕಿಂದ. ಕೆಟ್ಟಿರೋ ಮೇಲ್ಪದರದ ಮಧ್ಯೆ ಬೋರ್ ಇಳಿಸಿ, ಕೇಸಿಂಗ್ (ಬೋರ್ ಗುಂಡಿಯ ಮೇಲ್ಭಾಗಕ್ಕೆ ಇಳಿಸೋ ಪೈಪ್) ಸುತ್ತ ಸರಿಯಾಗಿ ಸಿಮೆಂಟ್ ತುಂಬದೇ ಬಿಟ್ರೆ, ಆ ವಿಷಕ್ಕೆ ಕೆಳಗಿಳಿಯೋಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಮೋಟರ್ ಹಾಕಿದಷ್ಟೂ ಅದನ್ನ ಎಳಕೊಳ್ಳುತ್ತೆ. ಬ್ಲೀಚಿಂಗ್ ರೋಗಾಣುಗೆ, ಪೆಟ್ರೋಲ್‌ಗಲ್ಲ. ಕಾಯಿಸೋಕೂ ಹೋಗಬೇಡಿ, ಆವಿ ಅಡುಗೆಮನೆ ತುಂಬುತ್ತೆ. ಅದಕ್ಕಿಂತ ಮುಖ್ಯ: ಯಾರೂ ಬಾವಿಗೆ ಇಳೀಬೇಡಿ, ಹತ್ತಿರ ಬೀಡಿ ಹಚ್ಚಬೇಡಿ.

ಡಿಪ್‌ರಾಡ್: ಬಂಕಲ್ಲಿ ಕೆಲಸ ಮಾಡಿದವನು ನಾನು. ಎಲ್ಲ ತಪ್ಪೂ ಬಂಕಿನ ತಲೆಗೇ ಕಟ್ಟಬೇಡಿ. ದಿನಾ ಬೆಳಗ್ಗೆ ಟ್ಯಾಂಕಿಗೆ ಅಳತೆ ರಾಡ್ ಇಳಿಸಿ ಸ್ಟಾಕ್ ನೋಡ್ತೀವಿ. ಪಕ್ಕದಲ್ಲಿ ಗ್ಯಾರೇಜೋ ಲಾರಿ ಶೆಡ್ಡೋ ಇಲ್ವಾ?

ಕಲ್ಲುನೀರು: ಇರಬಹುದು, ಅದಕ್ಕೇ ಮೊದಲು ಪರೀಕ್ಷೆ. ಆದ್ರೆ ದಿನಕ್ಕೆ ಎರಡು ಲೀಟರ್ ಸೋರಿದ್ರೆ ನಿಮ್ಮ ರಾಡಿಗೆ ಕಾಣುತ್ತಾ ಸಾರ್? ಆವಿಯಾಯ್ತು, ಬಿಸಿಲಿಗೆ ಹಿಗ್ಗಿತ್ತು ಅಂತ ಲೆಕ್ಕ ಮುಗಿಸ್ತಾರೆ. ವರ್ಷಕ್ಕೆ 730 ಲೀಟರ್ ಅದು.

ಡಿಪ್‌ರಾಡ್: ಹಳೇ ಒಂಟಿ ಗೋಡೆ ಟ್ಯಾಂಕಾದ್ರೆ ಒಪ್ಕೋತೀನಿ. ಪೈಪ್ ಜಾಯಿಂಟಲ್ಲೂ ಸೋರುತ್ತೆ.

ಯಗಚಿಪಕ್ಕ: ಜೆಸಿಬಿ ತರಿಸಿ ಮಣ್ಣು ತೆಗೆದು ಬಿಸಾಕಿದ್ರೆ ಆಯ್ತಲ್ವಾ? ಇಷ್ಟೆಲ್ಲ ಯಾಕೆ?

ಕಲ್ಲುನೀರು: ಎಲ್ಲಿಗೆ ಬಿಸಾಕ್ತೀರಿ ಮೇಡಂ, ಕೆರೆ ಅಂಗಳಕ್ಕಾ? ಅಗೆದ ಮಣ್ಣೇ ಅಪಾಯಕಾರಿ ತ್ಯಾಜ್ಯ ಆಗಬಹುದು, 2016ರ ನಿಯಮದ ಪ್ರಕಾರ ಕಂಡಲ್ಲಿ ಸುರಿಯೋ ಹಾಗಿಲ್ಲ. ಅಗೆಯೋದು ಟ್ಯಾಂಕ್ ಸುತ್ತ ತೊಯ್ದಿರೋ ಜಾಗಕ್ಕೆ ಸರಿ. ಉಳಿದದ್ದಕ್ಕೆ ಬೇರೆ ದಾರಿ: ಕೊಳವೆ ಇಳಿಸಿ ಮಣ್ಣಿನೊಳಗಿನ ಆವಿ ಹೀರಿ ಇದ್ದಿಲ ಫಿಲ್ಟರ್‌ಗೆ ಬಿಡ್ತಾರೆ. ನೀರಿನ ಮೇಲೆ ತೇಲೋದನ್ನ ಬೇರೆ ಪಂಪಲ್ಲಿ ತೆಗೀತಾರೆ. ಗಾಳಿ ಊದಿದ್ರೆ ಮಣ್ಣಿನ ಬ್ಯಾಕ್ಟೀರಿಯಾನೇ ಒಂದಷ್ಟು ತಿಂದು ಮುಗಿಸ್ತವೆ. ಮಲೆನಾಡ ಅಂಚಲ್ಲಿ ತಲೆನೋವು ಏನಂದ್ರೆ, ಮಳೆಗೆ ನೀರಿನ ಮಟ್ಟ ಏರುತ್ತೆ, ಬೇಸಿಗೆಗೆ ಇಳಿಯುತ್ತೆ, ಆ ಪೆಟ್ರೋಲ್ ಅಷ್ಟೂ ಎತ್ತರಕ್ಕೆ ಮಣ್ಣಿಗೆ ಬಳ್ಕೊಂಡು ಕೂರುತ್ತೆ. ಬೇಸಿಗೇಲಿ ನೀರು ಶುದ್ಧ ಅಂತ ರಿಪೋರ್ಟ್ ಬಂದ್ರೂ ನಂಬಬೇಡಿ, ಮಳೆಗಾಲದಲ್ಲೂ ಇನ್ನೊಂದ್ಸಲ ಮಾಡ್ಸಿ.

ಆಲೂರುಹುಡುಗ: ದುಡ್ಡು ಯಾರು ಕೊಡ್ತಾರೆ? ಅರ್ಧ ಎಕರೆಯವನು ಇದನ್ನೆಲ್ಲ ಮಾಡಿಸೋಕಾಗುತ್ತಾ?

ಕೋರ್ಟುಕಚೇರಿ: ಅವರು ಕೊಡಬೇಕಿಲ್ಲ. ಕೆಡಿಸಿದವನೇ ಭರಿಸಬೇಕು ಅಂತ 1996ರಲ್ಲೇ ಸುಪ್ರೀಂ ಕೋರ್ಟ್ ಬಿಚ್ಚಡಿ ಪ್ರಕರಣದಲ್ಲಿ (ರಾಜಸ್ಥಾನದ ಹಳ್ಳಿ, ಕೆಮಿಕಲ್ ಕಾರ್ಖಾನೆಗಳಿಂದ ಬಾವಿ ನೀರು ಕೆಟ್ಟಿತ್ತು) ಹೇಳಿದೆ. 2025ರಲ್ಲಿ ಕಲುಷಿತ ಸ್ಥಳಗಳಿಗೇ ಕೇಂದ್ರದ ನಿಯಮ ಬಂತು. ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿಗೂ ಲಿಖಿತ ದೂರು ಕೊಡಿ, ಸ್ವೀಕೃತಿ ಹಾಕಿಸ್ಕೊಳ್ಳಿ. ಬಾಯಲ್ಲಿ ಹೇಳಿ ಬಂದ್ರೆ ಅಲ್ಲಿಗೇ ಮುಗೀತು.

ಯಗಚಿಪಕ್ಕ: ದೂರು ಕೊಟ್ರೆ ಸುತ್ತಮುತ್ತ ಸೈಟ್ ರೇಟ್ ಬೀಳುತ್ತೆ. ಅಕ್ಕಪಕ್ಕದವರು ಸುಮ್ನಿರ್ತಾರಾ?

ಕೋರ್ಟುಕಚೇರಿ: ಆ ಅಕ್ಕಪಕ್ಕದವರೂ ಬಾವಿ ನೀರೇ ಕುಡೀತಿದ್ದಾರಲ್ಲ, ಅವರ ನೀರೂ ಪರೀಕ್ಷೆ ಮಾಡ್ಸಿ. ಬೇಡ ಅನ್ನೋರು ಆಗ ಹೇಳಲಿ.

ತೋಟದಮನೆ: ಬೋರ್ ಗಾಡಿಯವರಿಗೆ ಸದ್ಯಕ್ಕೆ ಬೇಡ ಅಂದೆ. ಕುಡಿಯೋಕೆ ಟ್ಯಾಂಕರ್. ಸ್ಯಾಂಪಲ್‌ಗೆ ಬಿಸ್ಲೇರಿ ಬಾಟಲ್ ಸಾಕಾ?

ಕಲ್ಲುನೀರು: ಬೇಡ. ಲ್ಯಾಬಿನವರೇ ಕೊಡೋ ಗಾಜಿನ ಸೀಸೆ, ಗಾಳಿ ಗುಳ್ಳೆ ಉಳಿಯದ ಹಾಗೆ ಅಂಚಿನವರೆಗೂ ತುಂಬಿ, ಐಸ್ ಪೆಟ್ಟಿಗೇಲಿ ಕಳ್ಸಿ. ‘ಬೆಂಜೀನ್, ಟಾಲುಯೀನ್ ನೋಡಿ’ ಅಂತ ಬರೆದು ಕೊಡಿ (ಟಾಲುಯೀನೂ ಪೆಟ್ರೋಲಲ್ಲಿರೋದೇ), ಇಲ್ಲಾಂದ್ರೆ ಗಡಸುತನ, ಫ್ಲೋರೈಡ್ ನೋಡಿ ವಾಪಸ್ ಕಳಿಸ್ತಾರೆ.

ಡಿಪ್‌ರಾಡ್: ಆ ಟ್ಯಾಂಕನ್ನ ಗುಜರಿಯವರ ಕೈಗೆ ಮಾತ್ರ ಕೊಡಬೇಡಿ. ಖಾಲಿ ಟ್ಯಾಂಕಲ್ಲೇ ಆವಿ ಜಾಸ್ತಿ. ಗ್ಯಾಸ್ ಪೂರ್ತಿ ತೆಗೀದೆ ಕಟರ್ ಇಟ್ರೆ ಸಿಡಿಯುತ್ತೆ.