ಫ್ಲಾರಿಡಾ ಕೀಸ್‌ನಲ್ಲಿ ನಾವೇ ಬೋಟ್ ಓಡಿಸಿ ಸ್ನಾರ್ಕೆಲಿಂಗ್: ಹೋಗಿ ಬಂದವರು ಹೇಳಿ

ಪ್ರಶ್ನೆ (ನಾರ್ತ್ ಕೆರೊಲಿನಾದಿಂದ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆ ವಾರ ಫ್ಲಾರಿಡಾ ಕೀಸ್ ದ್ವೀಪಗಳಿಗೆ ಹೊರಟಿದ್ದೇವೆ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಜೊತೆಗೆ ಶಿವಮೊಗ್ಗದಿಂದ ಬಂದಿರುವ ಅಪ್ಪ ಅಮ್ಮ. ನಾವೇ ಬೋಟ್ ಓಡಿಸಿಕೊಂಡು ಹೋಗಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಿ, ಸ್ನಾರ್ಕೆಲ್ (ಮಾಸ್ಕ್, ಉಸಿರಿನ ಕೊಳವೆ ಹಾಕಿ ತೇಲುತ್ತಾ ನೀರೊಳಗೆ ನೋಡುವುದು) ಮಾಡಿ ಬರುವ ಇಕೋ ಟೂರ್ ಬಗ್ಗೆ ಓದಿದೆ. ಮಗಳು ಅದನ್ನೇ ಹಿಡಿದು ಕೂತಿದ್ದಾಳೆ.

ನಮ್ಮಿಬ್ಬರಿಗೂ ಬೋಟ್ ಓಡಿಸಿ ಗೊತ್ತಿಲ್ಲ. ನನಗೆ ಈಜು ಬರುತ್ತದೆ, ಯಜಮಾನರಿಗೆ ಅಷ್ಟಕ್ಕಷ್ಟೇ. ಅಪ್ಪ ತುಂಗೆಯಲ್ಲಿ ಈಜು ಕಲಿತವರು, ಆದರೆ ಈಗ 68, ಬಿಪಿ ಮಾತ್ರೆ ತಗೊಳ್ತಾರೆ. ಅಮ್ಮನಿಗೆ ನೀರೆಂದರೆ ಭಯ. ಇಷ್ಟು ಜನರನ್ನು ಕಟ್ಟಿಕೊಂಡು ಇದಕ್ಕೆ ಕೈ ಹಾಕಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ 1 (ಟ್ಯಾಂಪಾದಿಂದ)

ಹೋಗಬಹುದು ಮೇಡಂ. ಆದರೆ ಆರೂ ಜನ ಒಂದೇ ಥರ ಹೋಗಬೇಡಿ. ನಾವು ಏಳು ವರ್ಷದಲ್ಲಿ ನಾಲ್ಕು ಸಲ ಹೋಗಿದ್ದೇವೆ. ಅದರಲ್ಲಿ ಒಂದು ಸಲ ನನ್ನ ಅತ್ತೆ ಮಾವನೂ ಇದ್ದರು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

'ನೀವೇ ಓಡಿಸಿ' ಅನ್ನುವುದರಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಇಬ್ಬರು ಕೂರುವ ಸಣ್ಣ ಬೋಟ್ ಕೊಡುತ್ತಾರೆ. ಮುಂದೆ ಗೈಡ್ ಬೋಟ್ ಹೋಗುತ್ತದೆ, ಹಿಂದೆ ನಾವೆಲ್ಲ ಸಾಲಾಗಿ, ಬಾತುಕೋಳಿ ಮರಿಗಳ ಹಾಗೆ. ಇನ್ನೊಂದು ಬಗೆಯಲ್ಲಿ ದೊಡ್ಡ ಬೋಟನ್ನೇ ದಿನಕ್ಕೋ ಅರ್ಧ ದಿನಕ್ಕೋ ಬಾಡಿಗೆಗೆ ಪಡೆದು, ನಕ್ಷೆ ಹಿಡಿದು ನಾವೇ ಹೋಗುವುದು. ಮೊದಲ ಸಲ ಹೋಗುವವರಿಗೆ ಮೊದಲನೆಯದೇ ಸರಿ. ಕಾರಣ ಬೋಟ್ ಓಡಿಸುವುದು ಕಷ್ಟ ಅಂತಲ್ಲ. ಸ್ಟೀರಿಂಗ್ ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ. ಕಷ್ಟ ಇರುವುದು ಬೋಟ್ ನಿಲ್ಲಿಸಿದ ಮೇಲೆ. ಇಬ್ಬರೂ ಮಾಸ್ಕ್ ಹಾಕಿ ನೀರಿಗಿಳಿದರೆ ಬೋಟಿನಲ್ಲಿ ಯಾರಿದ್ದಾರೆ? ಪ್ರವಾಹ ನಿಮ್ಮನ್ನು ಒಂದು ಕಡೆ ಎಳೆಯುತ್ತದೆ, ಗಾಳಿ ಬೋಟನ್ನು ಇನ್ನೊಂದು ಕಡೆ ತಳ್ಳುತ್ತದೆ. ಗೈಡ್ ಇದ್ದರೆ ಅವರ ಕಣ್ಣು ಎರಡರ ಮೇಲೂ ಇರುತ್ತದೆ. ನಾವೇ ಬಾಡಿಗೆಗೆ ಪಡೆದಾಗ ನಮ್ಮ ಮನೆಯ ನಿಯಮ ಒಂದೇ: ಓಡಿಸಲು ಬರುವವರೊಬ್ಬರು ಯಾವಾಗಲೂ ಬೋಟಿನಲ್ಲೇ ಇರಬೇಕು. ನೀರೊಳಗಿನ ಮೀನು ಎಷ್ಟೇ ಚೆಂದ ಇರಲಿ, ಸರದಿ ಬರುವ ತನಕ ಕಾಯಬೇಕು.

ಇನ್ನು ಗಾಳಿ. ಇದೇ ಮುಖ್ಯ ವಿಷಯ. ಹವಾಮಾನ ನೋಡುವಾಗ ನಮ್ಮವರು ಮಳೆ ಬರುತ್ತಾ, ಬಿಸಿಲಿದೆಯಾ ಅಂತ ನೋಡುತ್ತಾರೆ. ಕೀಸ್‌ನಲ್ಲಿ ನೋಡಬೇಕಾದ್ದು ಗಾಳಿಯ ವೇಗ. ಡಿಸೆಂಬರಿನಲ್ಲಿ ಉತ್ತರದಿಂದ ಚಳಿಗಾಳಿಯ ಅಲೆ ಬರುತ್ತದೆ. ಆಕಾಶ ತಿಳಿಯಾಗಿ, ಬಿಸಿಲು ಚೆನ್ನಾಗಿ ಇದ್ದರೂ ಎರಡು ಮೂರು ದಿನ ಸಮುದ್ರ ಕದಡಿರುತ್ತದೆ. ಅಲೆ ಎದ್ದರೆ ತಳದ ಮರಳು ಮೇಲೆ ಬಂದು ನೀರೊಳಗೆ ಏನೂ ಕಾಣಿಸುವುದಿಲ್ಲ. ನನ್ನ ಲೆಕ್ಕ ಹೇಳುತ್ತೇನೆ. ಹತ್ತು ನಾಟ್‌ಗಿಂತ (ಗಂಟೆಗೆ ಸುಮಾರು 18 ಕಿ.ಮೀ.) ಕಡಿಮೆ ಇದ್ದರೆ ಖುಷಿಯಾಗಿ ಹೋಗಿ. ಹದಿನೈದು ದಾಟಿದರೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ, ದುಡ್ಡು ಹೋದರೂ ಪರವಾಗಿಲ್ಲ. ಇದಕ್ಕೇ ನಿಮ್ಮ ಪ್ರವಾಸದ ಮೊದಲ ದಿನಕ್ಕೇ ಬುಕ್ ಮಾಡಿ. ಗಾಳಿ ಇದ್ದರೆ ಮುಂದಿನ ದಿನಕ್ಕೆ ಬದಲಾಯಿಸಿಕೊಡಿ ಅಂತ ಕೇಳಲು ಜಾಗ ಇರುತ್ತದೆ. ಕೊನೆಯ ದಿನಕ್ಕೆ ಇಟ್ಟುಕೊಂಡು ನಾವು ಒಮ್ಮೆ ಕಳೆದುಕೊಂಡಿದ್ದೇವೆ.

ಕಾನೂನಿನ ಮಾತು. 1988ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಫ್ಲಾರಿಡಾದಲ್ಲಿ 10 ಅಶ್ವಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ಎಂಜಿನ್‌ನ ಬೋಟ್ ಓಡಿಸಬೇಕಾದರೆ ಬೋಟಿಂಗ್ ಸುರಕ್ಷತೆಯ ಕಾರ್ಡ್ ಇರಬೇಕು. ಪ್ರವಾಸಿಗರಿಗೆ 90 ದಿನದ ತಾತ್ಕಾಲಿಕ ಸರ್ಟಿಫಿಕೇಟ್ ಇದೆ. ಆನ್‌ಲೈನ್‌ನಲ್ಲೇ ಪರೀಕ್ಷೆ ಬರೆಯಬಹುದು. ಹಿಂದಿನ ರಾತ್ರಿ ಹೋಟೆಲಿನಲ್ಲಿ ಕೂತು ಬರೆಯಲು ಹೋಗಬೇಡಿ, ಮನೆಯಲ್ಲೇ ನಿಧಾನವಾಗಿ ಓದಿ ಬರೆಯಿರಿ. ಓದಿದ್ದು ಅಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ನಿಮ್ಮ ಮಗನಿಗೆ ಐದು ವರ್ಷ ಅಂದಿರಿ. 26 ಅಡಿಗಿಂತ ಚಿಕ್ಕ ಬೋಟ್ ಚಲಿಸುತ್ತಿರುವಾಗ ಆರು ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು, ಅದು ಅಲ್ಲಿನ ಕಾನೂನು. ನಾನಂತೂ ಎಲ್ಲರಿಗೂ ಹಾಕಿಸುತ್ತೇನೆ, ನೀವು ನಿಮ್ಮ ಅಪ್ಪನಿಗೂ ಹಾಕಿಸಿ.

ಓಡಿಸುವವರ ಮಣಿಕಟ್ಟಿಗೆ ಅಥವಾ ಜಾಕೆಟ್‌ಗೆ ಒಂದು ಕೆಂಪು ದಾರ ಸಿಕ್ಕಿಸುತ್ತಾರೆ. ಅವರು ಆಯತಪ್ಪಿ ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. ಕಿರಿಕಿರಿ ಅಂತ ಅದನ್ನು ಬಿಚ್ಚಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬಿಚ್ಚಬೇಡಿ. ಚಾಲಕನಿಲ್ಲದ ಬೋಟ್ ಸುತ್ತು ಹೊಡೆದು ಬಿದ್ದವರ ಮೇಲೇ ಬರಬಹುದು.

ಉತ್ತರ 2 (ಅಟ್ಲಾಂಟಾದಿಂದ)

ಮೇಲೆ ಬರೆದವರು ಹೇಳಿದ ಎರಡನೇ ಬಗೆಯಲ್ಲಿ ಹೋಗಿ ಸಿಕ್ಕಿಬಿದ್ದವರು ನಾವು. ಮೂರು ಕುಟುಂಬ ಸೇರಿ ಪಾಂಟೂನ್ ಬೋಟ್ ತಗೊಂಡಿದ್ದೆವು. ಚಪ್ಪಟೆ ತಳ, ಮೇಲೆ ನೆರಳು, ಸೋಫಾ ಥರ ಸೀಟು. ದೊಡ್ಡವರಿಗೆ ಬಹಳ ಅನುಕೂಲ. ಆದರೆ ಹೊರಡುವ ಮುಂಚೆ ಕೊಟ್ಟ ವಿವರಣೆ ಐದೇ ನಿಮಿಷ. ನಕ್ಷೆಯಲ್ಲಿ ಬೆರಳಿಟ್ಟು 'ಇಲ್ಲಿಗೆ ಹೋಗಿ, ಅಲ್ಲಿಗೆ ಹೋಗಬೇಡಿ' ಅಂದರು. ನಾವೂ ಮರುಪ್ರಶ್ನೆ ಕೇಳಲಿಲ್ಲ, ಅದು ನಮ್ಮ ತಪ್ಪು.

ಅರ್ಧ ಗಂಟೆಯಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತು. ನೋಡನೋಡುತ್ತಾ ಬೋಟ್ ನಿಂತೇಹೋಯಿತು. ಕೆಳಗೆ ಬರೀ ಕಡಲಹುಲ್ಲು. ನನ್ನ ಗೆಳೆಯ ಎಂಜಿನ್ ಜೋರು ಮಾಡಿ ಹೊರಗೆ ಬರಲು ನೋಡಿದ. ಹಿಂದೆ ಹುಲ್ಲು, ಕೆಸರು ಎಲ್ಲ ಚಿಮ್ಮಿತು. ಬೇರೆ ಬೋಟಿನವರೊಬ್ಬರು ದೂರದಿಂದಲೇ ಕೈ ಬೀಸಿ ನಿಲ್ಲಿಸಿ ಅಂತ ಕೂಗಿದರು. ಆಮೇಲೆ ಗೊತ್ತಾಯಿತು, ಪ್ರೊಪೆಲ್ಲರ್ ಕೊರೆದ ಆ ಗೆರೆ ಮತ್ತೆ ತುಂಬಿಕೊಳ್ಳಲು ವರ್ಷಗಟ್ಟಲೆ ಬೇಕಂತೆ. ಸಮುದ್ರ ಅಭಯಾರಣ್ಯದೊಳಗೆ ಹಾಗೆ ಮಾಡಿದರೆ ದಂಡವೂ ಇದೆ. ಕಡಲಾಮೆ, ಮ್ಯಾನಟೀ (ಕಡಲಹಸು ಅನ್ನುವ ದೊಡ್ಡ ಪ್ರಾಣಿ) ತಿನ್ನುವುದು ಅದೇ ಹುಲ್ಲು. ಅದನ್ನು ನೋಡಲೆಂದೇ ಬಂದವರು ನಾವು, ಅದರ ಊಟವನ್ನೇ ಕಿತ್ತುಹಾಕಿದೆವಲ್ಲ ಅಂತ ಆ ದಿನವೆಲ್ಲ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಹಾಗೆ ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ, ಮೇಲಕ್ಕೆ ಎತ್ತಿ, ಫೋನ್ ಮಾಡಿ ಕಾಯುವುದೊಂದೇ ದಾರಿ. ಬಾಡಿಗೆ ಕೊಟ್ಟವರ ನಂಬರ್ ಫೋನಿನಲ್ಲಿ ಇರಲಿ. ಎಳೆದು ತರುವ ಖರ್ಚು ಯಾರದ್ದು ಅಂತ ಮೊದಲೇ ಕೇಳಿ. ನಾವು ಕೊಟ್ಟದ್ದು ಬಾಡಿಗೆಗಿಂತ ಜಾಸ್ತಿ.

ಉತ್ತರ 3 (ಹೊನ್ನಾವರದವರು, ಈಗ ನ್ಯೂಜೆರ್ಸಿ)

ನೀರಿನ ಬಣ್ಣ ಓದಲು ಕಲಿತರೆ ಅರ್ಧ ಗೆದ್ದ ಹಾಗೆ. ನಮ್ಮ ಕಡೆ ಶರಾವತಿ ಅಳಿವೆಯಲ್ಲಿ ದೋಣಿ ನಡೆಸುವವರು ಯಾವ ನಕ್ಷೆಯನ್ನೂ ನೋಡುವುದಿಲ್ಲ, ನೀರಿನ ಮುಖ ನೋಡಿಯೇ ಮರಳದಿಬ್ಬ ಎಲ್ಲಿದೆ ಅಂತ ಹೇಳುತ್ತಾರೆ. ಕೀಸ್‌ನಲ್ಲೂ ಅಷ್ಟೇ. ಕಂದು ಕಂಡರೆ ಹುಲ್ಲು ಅಥವಾ ಬಂಡೆ ಮೇಲೇ ಇದೆ, ಹತ್ತಿರ ಹೋಗಬೇಡಿ. ಬೆಳ್ಳಗೆ ಕಂಡರೆ ಮರಳು, ಆಳ ಇಲ್ಲ. ಹಸಿರು ಪರವಾಗಿಲ್ಲ. ನೀಲಿ ಆದರೆ ನಿಶ್ಚಿಂತೆ. ಇದು ಚೆನ್ನಾಗಿ ಕಾಣಬೇಕಾದರೆ ಸೂರ್ಯ ನೆತ್ತಿಯ ಹತ್ತಿರ ಅಥವಾ ಬೆನ್ನ ಹಿಂದೆ ಇರಬೇಕು. ಸಂಜೆ ಬಿಸಿಲಿಗೆ ಮುಖ ಮಾಡಿ ಬರುವಾಗ ಬರೀ ಹೊಳಪು, ಬಣ್ಣ ಗೊತ್ತಾಗುವುದೇ ಇಲ್ಲ. ನೀರಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಇದ್ದರೆ ಅಪ್ಪನಿಗೂ ಒಂದು ಕೊಡಿ. ನೀರು ನೋಡುವ ಕೆಲಸ ಅವರಿಗೆ ಒಪ್ಪಿಸಿ, ತುಂಗೆಯಲ್ಲಿ ಆಡಿದವರಲ್ವಾ.

ಇನ್ನೊಂದು ವಿಷಯ ಲಂಗರು. ಹವಳದ ಮೇಲೆ ಲಂಗರು ಬಿಡಬೇಡಿ, ಅಲ್ಲಿ ಅದು ಅಪರಾಧ. ರೀಫ್ ಅಂದರೆ ಹವಳದ ದಿಬ್ಬದ ಹತ್ತಿರ ನೀಲಿ ಪಟ್ಟಿಯ ಬಿಳಿ ಗುಂಡುಗಳು ತೇಲುತ್ತಿರುತ್ತವೆ, ಮೂರಿಂಗ್ ಬೋಯ್ ಅಂತಾರೆ. ಬೋಟಿನ ಹಗ್ಗವನ್ನು ಅದರ ಹಗ್ಗದ ಕುಣಿಕೆಯಲ್ಲಿ ತೂರಿಸಿ ಕಟ್ಟಿದರೆ ಆಯಿತು. ಮೊದಲು ಬಂದವರಿಗೆ ಮೊದಲು, ದುಡ್ಡು ಕೊಡಬೇಕಿಲ್ಲ. ಜಾನ್ ಹಲಾಸ್ ಎಂಬ ಜೀವವಿಜ್ಞಾನಿ 1980ರ ದಶಕದ ಆರಂಭದಲ್ಲಿ ಕೀಸ್‌ನ ಕೀ ಲಾರ್ಗೋ ದ್ವೀಪದಲ್ಲೇ ಈ ಬಗೆಯ ಬೋಯ್ ಶುರು ಮಾಡಿದ್ದು. ಲಂಗರಿನ ಕಬ್ಬಿಣ ಹವಳವನ್ನು ಪುಡಿ ಮಾಡುವುದನ್ನು ಕಣ್ಣಾರೆ ಕಂಡವರಿಗೆ ಅದರ ಬೆಲೆ ಗೊತ್ತು.

ನೀರಿಗೆ ಯಾರಾದರೂ ಇಳಿದಿದ್ದರೆ ಕೆಂಪು ಬಾವುಟ ಏರಿಸಬೇಕು, ಅದರಲ್ಲಿ ಓರೆಯಾಗಿ ಒಂದು ಬಿಳಿ ಪಟ್ಟಿ. ತೆರೆದ ಸಮುದ್ರದಲ್ಲಿ ಆ ಬಾವುಟದಿಂದ 300 ಅಡಿ ಒಳಗೆ ಬರುವ ಬೋಟ್ ತೆವಳುವ ವೇಗದಲ್ಲಿ ಬರಬೇಕು. ನೀವೂ ಬೇರೆಯವರ ಬಾವುಟಕ್ಕೆ ಹಾಗೇ ಮರ್ಯಾದೆ ಕೊಡಿ. ಹತ್ತಿದ ಮೇಲೆ ಇಳಿಸಲು ಮರೆಯಬೇಡಿ.

ಉತ್ತರ 4 (ಹ್ಯೂಸ್ಟನ್‌ನಿಂದ)

ನಾನು ವೈದ್ಯೆ. ನಿಮ್ಮ ತಂದೆಯವರ ಬಗ್ಗೆ ಮಾತ್ರ ಹೇಳುತ್ತೇನೆ. ಬಿಪಿ ಹತೋಟಿಯಲ್ಲಿದ್ದು, ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುತ್ತಾರೆ ಅಂದರೆ ಅವರ ಡಾಕ್ಟರನ್ನು ಒಮ್ಮೆ ಕೇಳಿ ಇಳಿಸಬಹುದು. ಒಂದು ಎಚ್ಚರಿಕೆ: ಸ್ನಾರ್ಕೆಲ್ ಕೊಳವೆಯಲ್ಲಿ ಉಸಿರೆಳೆಯುವುದು ಮಾಮೂಲಿ ಉಸಿರಿಗಿಂತ ಭಾರ. ಹೃದಯದ ತೊಂದರೆ ಇದ್ದವರು ಜೋರಾಗಿ ಈಜುತ್ತಾ ಹಾಗೆ ಎಳೆದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದುಂಟು. ಹವಾಯಿಯಲ್ಲಿ ಇದರ ಬಗ್ಗೆ ಅಧ್ಯಯನ ಆಗಿದೆ. ನೀರು ಕುಡಿದಿಲ್ಲ, ಕೈಕಾಲು ಬಡಿದಿಲ್ಲ, ಸುಮ್ನೆ ಸುಸ್ತಾಯಿತು ಅಂತ ಶುರುವಾಗುತ್ತದೆ. ಉಸಿರು ಸಾಲುತ್ತಿಲ್ಲ ಅನ್ನಿಸಿದ ಕ್ಷಣ ಕೊಳವೆ ಬಾಯಿಂದ ತೆಗೆದು, ಅಂಗಾತ ಮಲಗಿ, ಕೈ ಎತ್ತಬೇಕು. ಇದನ್ನು ಅವರಿಗೆ ಮೊದಲೇ ಹೇಳಿಕೊಡಿ. ಮುಖವೆಲ್ಲ ಮುಚ್ಚುವ ಮಾಸ್ಕ್ ಬೇಡ, ಗಾಬರಿಯಲ್ಲಿ ಬೇಗ ಬಿಚ್ಚಲು ಬರುವುದಿಲ್ಲ. 'ನಾನು ತುಂಗೆ ದಾಟಿದವನು' ಅನ್ನುವವರೇ ಸುಸ್ತನ್ನು ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ಗಮನ ಇಡಬೇಕು.

ವಾಂತಿ ಮಾತ್ರೆ ತೆಗೆದುಕೊಂಡವರು ಬೋಟ್ ಓಡಿಸಬಾರದು, ನಿದ್ದೆ ಬರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಯಜಮಾನರು 1986ರವರು, ಅವರಿಗೆ ಕಾರ್ಡ್ ಬೇಡ. ನಾನು 1990. ಆದರೂ ಇಬ್ಬರೂ ಕೂತು ಓದುತ್ತೇವೆ. ಈಗ ಯೋಚನೆ ಹೀಗಿದೆ: ಒಂದು ಬೆಳಿಗ್ಗೆ ನಾನೂ ಮಗಳೂ ಗೈಡ್ ಜೊತೆಗಿನ ಸಣ್ಣ ಬೋಟಿನಲ್ಲಿ ಹೋಗುವುದು. ಆದರೆ ಅಮ್ಮನನ್ನು ದಡದಲ್ಲಿ ಬಿಟ್ಟು ಹೋಗಲು ಮನಸ್ಸಿಲ್ಲ. ಇಷ್ಟು ದೂರ ಕರೆದುಕೊಂಡು ಬಂದು, ಅವರಿಗೆ ಒಂದು ಮೀನೂ ತೋರಿಸದಿದ್ದರೆ ಹೇಗೆ?

ಉತ್ತರ 1 (ಟ್ಯಾಂಪಾದಿಂದ)

ನಮ್ಮತ್ತೆಯದೂ ಇದೇ ಕಥೆ. ಕೀ ಲಾರ್ಗೋದಲ್ಲಿ ಜಾನ್ ಪೆನೆಕ್ಯಾಂಪ್ ಪಾರ್ಕ್ ಇದೆ, ಹೆದ್ದಾರಿಯ 102.5ನೇ ಮೈಲಿಗಲ್ಲಿನ ಹತ್ತಿರ. 1963ರಲ್ಲಿ ತೆರೆದದ್ದು, ಅಮೆರಿಕದ ಮೊದಲ ಸಮುದ್ರದಡಿಯ ಪಾರ್ಕ್. ಅಲ್ಲಿಂದ ಗಾಜಿನ ತಳದ ದೊಡ್ಡ ಬೋಟ್ ರೀಫಿಗೆ ಹೋಗುತ್ತದೆ. ಅತ್ತೆ ಸೀರೆಯಲ್ಲೇ ಕೂತು, ಗಾಜಿನ ಕೆಳಗೆ ಗಿಳಿಮೀನಿನ ಹಿಂಡು ನೋಡಿ, 'ಅಯ್ಯೋ ನೋಡೇ, ಹವಳ ಕಡಿದು ತಿನ್ತಿದೆ' ಅಂತ ನನ್ನ ಕೈ ಹಿಡಿದು ಎಳೆದರು. ಈಗಲೂ ಫೋನಿನಲ್ಲಿ ಆ ಮಾತು ಬರುತ್ತದೆ. ಅದಕ್ಕೂ ಗಾಳಿ ಕಡಿಮೆ ಇರುವ ದಿನವೇ ಬೇಕು.

ಅದೇ ಪಾರ್ಕಿನಲ್ಲಿ ಕ್ಯಾನನ್ ಬೀಚ್ ಅಂತಿದೆ. ದಡದಿಂದ ಸುಮಾರು 100 ಅಡಿ ದೂರದಲ್ಲಿ ಹಳೆಯ ಸ್ಪ್ಯಾನಿಷ್ ಹಡಗಿನ ಅವಶೇಷದ ಮಾದರಿಯನ್ನು ನೀರಲ್ಲಿ ಇಟ್ಟಿದ್ದಾರೆ, ಫಿರಂಗಿ ಎಲ್ಲ ಇದೆ. ಅಪ್ಪನಿಗೂ ಯಜಮಾನರಿಗೂ ಸ್ನಾರ್ಕೆಲ್ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮಗ ದಡದಲ್ಲೇ ಸೊಂಟದ ನೀರಿನಲ್ಲಿ ಮಾಸ್ಕ್ ಹಾಕಿ ಮುಖ ಮುಳುಗಿಸಲಿ. ಮೊದಲ ಮೀನು ಕಂಡ ಮೇಲೆ ಅವನನ್ನು ಮೇಲೆತ್ತುವುದೇ ಕಷ್ಟ.

ಮಗಳಿಗೆ ಒಂದು ಮಾತು ಮೊದಲೇ ಹೇಳಿ. ಚಿತ್ರದಲ್ಲಿ ಕಾಣುವ ಹಾಗೆ ಬಣ್ಣಬಣ್ಣದ ಹವಳ ಎಲ್ಲೆಡೆ ಇರುವುದಿಲ್ಲ. 2023ರ ಬೇಸಿಗೆಯಲ್ಲಿ ನೀರು ಕಾದುಹೋಗಿ ಕೀಸ್‌ನ ಹವಳ ಬಹಳಷ್ಟು ಬಿಳಿಚಿಕೊಂಡಿತು. ಸಮುದ್ರದಲ್ಲಿ ಬೆಳೆಸುತ್ತಿದ್ದ ಹವಳದ ಸಸಿಗಳನ್ನು ಬಿಸಿ ತಾಳಲಾರದೆ ದಡದ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಅದಕ್ಕೂ ಮೊದಲು ನಾನು ನೋಡಿದ ಜಿಂಕೆಕೊಂಬಿನ ಹವಳದ ಜಾಗಕ್ಕೆ ಮತ್ತೆ ಹೋದಾಗ ಬರೀ ಬೂದಿ ಬಣ್ಣದ ಕೊಂಬೆಗಳು. ನೀರೊಳಗೆ ಅತ್ತರೆ ಮಾಸ್ಕ್ ಒಳಗೆ ಮಂಜು ಕಟ್ಟುತ್ತದೆ ಅಂತ ಆ ದಿನ ಗೊತ್ತಾಯಿತು. ಮೀನುಗಳು ಇನ್ನೂ ಇವೆ, ಬೀಸಣಿಗೆಯ ಥರದ ಕಡಲಬೀಸಣಿಗೆ ಹವಳ ಇದೆ, ಆಮೆ ಸಿಗಬಹುದು. ಯಾವುದನ್ನೂ ಮುಟ್ಟಬಾರದು, ಮೇಲೆ ನಿಲ್ಲಬಾರದು. ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಈಜುಡುಗೆ ಹಾಕಿಸಿ. ಡಿಸೆಂಬರಿನಲ್ಲಿ ನೀರು ತಣ್ಣಗಿರುತ್ತದೆ, ಮಗಳಿಗೆ ತೆಳು ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನ ಥರದ ಈಜುಡುಗೆ) ಬಾಡಿಗೆಗೆ ಕೇಳಿ.

ಚಿನ್ನ ಎಲ್ಲ ಬಿಚ್ಚಿ ಲಾಕರಿನಲ್ಲಿ ಇಡಿ, ಕರಿಮಣಿ ಸರ, ಕಾಲುಂಗುರ ಸಹ. ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ. ಜೊತೆಗೆ ಬ್ಯಾರಕುಡಾ ಎಂಬ ಹಲ್ಲಿನ ಮೀನಿಗೆ ಮಿನುಗುವುದೆಲ್ಲ ಸಣ್ಣ ಮೀನಿನ ಥರ ಕಾಣುತ್ತದೆ. ಅಮ್ಮ ಕರಿಮಣಿ ತೆಗೆಯಲು ಒಪ್ಪುವುದಿಲ್ಲ, ಅವರು ಗಾಜಿನ ಬೋಟಿನಲ್ಲೇ ಇರುತ್ತಾರಲ್ಲ, ತೊಂದರೆ ಇಲ್ಲ.

ಮ್ಯಾನಟೀ ಕಂಡರೆ ಎಂಜಿನ್ ನಿಲ್ಲಿಸಿ ಸುಮ್ಮನಿದ್ದುಬಿಡಿ. ನೀರು ಕೊಡುವುದು, ಸೊಪ್ಪು ಕೊಡುವುದು, ಬೆನ್ನಟ್ಟುವುದು ಯಾವುದೂ ಬೇಡ. ಅದಕ್ಕೆ ಮನುಷ್ಯರ ರೂಢಿಯಾದರೆ ಬೋಟಿನ ಹತ್ತಿರ ಬರುತ್ತದೆ, ಪ್ರೊಪೆಲ್ಲರ್ ಬೆನ್ನು ಸೀಳುತ್ತದೆ. ನಾವು ನೋಡಿದ ಒಂದರ ಬೆನ್ನ ಮೇಲೆ ಸಾಲಾಗಿ ಆರು ಗಾಯದ ಗೆರೆ ಇತ್ತು. ನನ್ನ ಮಗ ಎಣಿಸಿದ.

ಬೆಳಗಿನ ಮೊದಲ ಹೊತ್ತಿಗೆ ಬುಕ್ ಮಾಡಿ, ಗಾಳಿ ಆಗ ಸಾಮಾನ್ಯವಾಗಿ ಕಡಿಮೆ. ಹೊಟ್ಟೆಗೆ ಇಡ್ಲಿಯಷ್ಟೇ ಹಗುರಾಗಿ ಏನಾದರೂ ಹಾಕಿಕೊಂಡು ಹೋಗಿ. ಚಿತ್ರಾನ್ನ ಡಬ್ಬಿಯಲ್ಲಿ ಇರಲಿ, ನೀರಿನಿಂದ ಮೇಲೆ ಬಂದ ಮೇಲೆ ಹಸಿವು ತಡೆಯಲಾಗುವುದಿಲ್ಲ.