ಪ್ರಶ್ನೋತ್ತರ: ಕೆಮಿಕಲ್ ಪ್ಲಾಂಟಲ್ಲಿ ಎಲ್ಲಾ ಕೆಲಸ ಒಟ್ಟಿಗೇ ಮಾಡಬಹುದಾ?

ಹೆಬ್ಬಾಳ ಶಿಫ್ಟ್: ಸರ್, ಕಾಂಕರೆಂಟ್ ಎಂಜಿನಿಯರಿಂಗ್ ಅಂದ್ರೆ ಏನು?

ಪ್ರೋಸೆಸ್ ಎಂಜಿನಿಯರ್, ಮೈಸೂರು: ಪ್ರೋಸೆಸ್, ಪೈಪಿಂಗ್, ಸಿವಿಲ್, ಸೇಫ್ಟಿ, ನಾಳೆ ಪ್ಲಾಂಟ್ ನಡೆಸೋ ಆಪರೇಟರ್, ಎಲ್ಲರೂ ಮೊದಲ ದಿನದಿಂದ ಜೊತೆಗೆ ಕೂತು ಡಿಸೈನ್ ಮಾಡೋದು. ಒಬ್ಬರು ಮುಗಿಸಿದ ಡ್ರಾಯಿಂಗ್ ಇನ್ನೊಬ್ಬರ ತಲೆಗೆ ಕಟ್ಟೋದಲ್ಲ.

ನಂಜನಗೂಡು ಸೈಟ್: ನಮ್ಮಲ್ಲಿ ಟೊಲುಯೀನ್ ರಿಕವರಿ ಕಾಲಮ್ (ಟೊಲುಯೀನ್ ಅನ್ನೋ ದ್ರಾವಕನ ಕುದಿಸಿ ಬೇರ್ಪಡಿಸೋ ಗೋಪುರ) ಬರ್ತಿದೆ. ಪೈಪ್ ರ‍್ಯಾಕ್ ಫೌಂಡೇಶನ್ ಆಗೋಯ್ತು. ಹೋದ ವಾರ ರೀಬಾಯ್ಲರ್ (ಕಾಲಮ್ ತಳದ ದ್ರವ ಕುದಿಸೋದು) ದೊಡ್ಡದು ಮಾಡಿದ್ರು. ಹಜಾಪ್ (ಎಲ್ಲೆಲ್ಲಿ ಏನು ಅಪಾಯ ಆಗಬಹುದು ಅಂತ ಕೂತು ಹುಡುಕೋ ಪರಿಶೀಲನೆ) ಕೊನೆಗೆ ಮಾಡೋಣ, ಇದೇ ಕಾಂಕರೆಂಟ್ ಅಂತಾರೆ ಮ್ಯಾನೇಜರ್. ಸರೀನಾ?

ಪ್ರೋಸೆಸ್ ಎಂಜಿನಿಯರ್: ಸರಿಯಿಲ್ಲ. ರೀಬಾಯ್ಲರ್ ದೊಡ್ಡದಾದ್ರೆ ಕಾಲಮ್ಮಿಗೆ ಹೋಗೋ ಶಾಖ ಹೆಚ್ಚುತ್ತೆ. ಆವಿ ತಣಿಸಿ ದ್ರವ ಮಾಡೋ ಕಂಡೆನ್ಸರಿಗೆ ಕೂಲಿಂಗ್ ನೀರು ನಿಂತ ಗಳಿಗೆ ಅಷ್ಟೂ ಆವಿ, ಒತ್ತಡ ಹೆಚ್ಚಿದ್ರೆ ತೆರೆಯೋ ರಿಲೀಫ್ ವಾಲ್ವ್ ಕಡೆ ನುಗ್ಗುತ್ತೆ. ವಾಲ್ವ್ ಸೈಜ್ ಮತ್ತೆ ಲೆಕ್ಕ ಹಾಕಬೇಕು, ವಾಲ್ವಿಂದ ಬರೋ ಆವಿ ಒಯ್ಯೋ ಹೆಡರ್ ಪೈಪಿನ ಸೈಜೂ ಹಾಕಬೇಕು, ಹೆಡರ್ ಹೊರೋ ರ‍್ಯಾಕಿನ ಲೋಡೂ ಹಾಕಬೇಕು. ಆ ರ‍್ಯಾಕಿನ ಕಾಲು ನೀವು ಆಗಲೇ ಹೂತಾಯ್ತು. ಟೊಲುಯೀನ್ ಫ್ಲ್ಯಾಶ್ ಪಾಯಿಂಟ್, ಅಂದ್ರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳೋ ಕನಿಷ್ಠ ಉಷ್ಣಾಂಶ, ಸುಮಾರು 4 ಡಿಗ್ರಿ ಸೆಲ್ಸಿಯಸ್, ಮಾಗಿ ಚಳೀಲೂ ಒಂದು ಕಿಡಿ ಸಾಕು. 1974ರಲ್ಲಿ ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಕೆಟ್ಟ ರಿಯಾಕ್ಟರ್ ತೆಗೆದು, ಸರಿಯಾದ ಲೆಕ್ಕ ಇಲ್ದೆ ತಾತ್ಕಾಲಿಕ ಪೈಪ್ ಕೂರಿಸಿದ್ರು. ಅದು ಒಡೆದು ಸ್ಫೋಟ ಆಗಿ 28 ಜನ ಸತ್ತರು. ಮಣ್ಣು ಪರೀಕ್ಷೆ, ಲೇಔಟ್, ತಡವಾಗಿ ಬರೋ ಯಂತ್ರಗಳ ಕೊಟೇಶನ್ ಜೊತೆಜೊತೆಗೆ ನಡೀಲಿ, ಬೇಡ ಅನ್ನಲ್ಲ. ಸೇಫ್ಟಿಯವರು ಫ್ಲೋ ಶೀಟ್ (ಪ್ರೋಸೆಸ್ಸಿನ ಮೊದಲ ನಕ್ಷೆ) ಹಂತದಲ್ಲೇ ಬರಬೇಕು, ಪಿ ಅಂಡ್ ಐಡಿ (ಪೈಪು, ವಾಲ್ವು, ಮೀಟರುಗಳ ವಿವರ ಇರೋ ನಕ್ಷೆ) ಗಟ್ಟಿಯಾದ ಕೂಡಲೇ ಹಜಾಪ್ ಆಗಬೇಕು.

ಮದ್ದೂರು ವಡೆ: 'ಪ್ರಾಜೆಕ್ಟ್ ಅವಧಿ ಅರ್ಧಕ್ಕಿಳಿಸುವ 5 ಸೂತ್ರ' ಫಾರ್ವರ್ಡ್ ಮಾಡಿದ್ದೀನಿ, ನೋಡಿ ಸರ್.

ಪ್ರೋಸೆಸ್ ಎಂಜಿನಿಯರ್: ನೋಡ್ದೆ. ಕಾರು ಮಾಡೋರ ಸೂತ್ರ. ಅವರು ಮಾದರಿ ಕಾರನ್ನ ಗೋಡೆಗೆ ಗುದ್ದಿಸಿ ತಿದ್ಕೋತಾರೆ. ನೀವು ಕಾಲಮ್ ಗುದ್ದಿಸಿ ನೋಡ್ತೀರಾ? ದಯವಿಟ್ಟು ಸೈಟಿನವರಿಗೆ ಇದನ್ನ ಕಳಿಸಬೇಡಿ.

ಪಾಂಡವಪುರ ಆಲೆಮನೆ: ನಮ್ಮಲ್ಲಿ ಈ ಕಡೆ ಗಾಣ, ಆ ಕಡೆ ಕೊಪ್ಪರಿಗೆ, ಒಟ್ಟಿಗೇ. ತಾತನ ಕಾಲದ ಕಾಂಕರೆಂಟ್ ಕಣಣ್ಣೋ!

ಮದ್ದೂರು ವಡೆ: ಅದು ಕೆಲಸ, ಡಿಸೈನ್ ಅಲ್ಲ. ಬೆಲ್ಲಕ್ಕೆ ಬಣ್ಣ ತಿಳಿ ಮಾಡೋ ಹೈಡ್ರೋಸ್ ಕೆಮಿಕಲ್ ಹಾಕೋದನ್ನೂ ತಾತನೇ ಹೇಳ್ಕೊಟ್ರಾ?

ಪಾಂಡವಪುರ ಆಲೆಮನೆ: ಕಪ್ಪು ಬೆಲ್ಲ ತಂದ್ರೆ ಮೂಗು ಮುರಿಯೋರು ನೀವೇ ಅಲ್ವಾ? ಬಣ್ಣ ನೋಡಿ ರೇಟು ಕಟ್ಟೋರ್ನ ಕೇಳು ಹೋಗು.

ಪಟ್ಟಣದ ಹುಡುಗ: ಪೈಲಟ್ ಪ್ಲಾಂಟ್ (ಚಿಕ್ಕ ಪ್ರಯೋಗದ ಪ್ಲಾಂಟ್) ಬಿಟ್ಟು ಲ್ಯಾಬಿಂದ ನೇರ ದೊಡ್ಡದಕ್ಕೆ ಹೋಗಬಹುದಾ ಸರ್?

ಮದ್ದೂರು ವಡೆ: ಆಲೆಮನೆಯಣ್ಣ, ತಿನ್ನೋರ ಹೊಟ್ಟೆಗಿಂತ ರೇಟೇ ದೊಡ್ಡದು ಅನ್ನಪ್ಪ.

ಹೆಬ್ಬಾಳ ಶಿಫ್ಟ್: ಹಂಗಾದ್ರೆ ಹಜಾಪ್ ಕೊನೆಗೆ ಮಾಡಬಹುದಾ ಸರ್?

ಪ್ರೋಸೆಸ್ ಎಂಜಿನಿಯರ್: ಮೇಲೆ ಓದಿ.

ಪಾಂಡವಪುರ ಆಲೆಮನೆ: ಒಂದಿನ ಒಲೆ ಮುಂದೆ ನಿಂತು ಮಾತಾಡು.

ಪ್ರೋಸೆಸ್ ಎಂಜಿನಿಯರ್: ಬೆಲ್ಲದ ಜಗಳ ಬೇರೆ ಕಡೆ ಇಟ್ಕೊಳ್ಳಿ. ನಂಜನಗೂಡಿನವರೇ, ಹೆಡರ್ ಪೈಪ್ ಏರಿಸಿದ್ರಾ ಇಲ್ವಾ? ಅದೊಂದು ಹೇಳಿ.

ನಂಜನಗೂಡು ಸೈಟ್: ಬೆಳಗ್ಗೆ ಕ್ರೇನ್ ಬಂತು ಸರ್.