ದೀರ್ಘಕಾಲದ ಕಾಯಿಲೆ, ನೌಕರಿ, ಬರವಣಿಗೆ: ನಿಜವನ್ನು ಯಾರಿಗೆ ಎಷ್ಟು ಹೇಳಬೇಕು?

(ಇದು ಚರ್ಚಾವೇದಿಕೆಯೊಂದರ ಮಾತುಕತೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಂಕಿತನಾಮ.)

ಕರಡುಪ್ರತಿ (ಪ್ರಶ್ನೆ):

ಕೆಲವು ವರ್ಷಗಳಿಂದ ನನಗೆ ಲೂಪಸ್ ಇದೆ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ದಾಳಿ ಮಾಡುವ ಕಾಯಿಲೆ. ಕೀಲುನೋವು ಮತ್ತು ಮಧ್ಯಾಹ್ನದ ಹೊತ್ತಿಗೆ ಕವಿಯುವ ದಣಿವು ನಿತ್ಯದ ಸಂಗತಿಗಳು. ಕೆಲವೊಮ್ಮೆ ಚೆನ್ನಾಗಿ ಗೊತ್ತಿರುವ ಪದವೂ ನೆನಪಿಗೆ ಬಾರದಷ್ಟು ಬುದ್ಧಿ ಮಂಕಾಗುತ್ತದೆ. ರೋಗ ಉಲ್ಬಣಿಸಿದಾಗ ಸ್ಟೀರಾಯ್ಡ್ ಪ್ರಮಾಣವನ್ನು ಹೆಚ್ಚಿಸುತ್ತಾರೆ, ನಿದ್ದೆ ಕೆಡುತ್ತದೆ, ಮುಖ ದುಂಡಗಾಗುತ್ತದೆ. ಸಹೋದ್ಯೋಗಿಗಳು ಸರಿಯಾಗಿ ಆಗಲೇ ‘ಮೈಕೈ ತುಂಬಿಕೊಂಡು ಲಕ್ಷಣವಾಗಿ ಕಾಣುತ್ತಿದ್ದೀರಿ’ ಎನ್ನುತ್ತಾರೆ.

ನನ್ನದು ಲೆಕ್ಕಪತ್ರ ವಿಭಾಗದಲ್ಲಿ ಪೂರ್ಣಾವಧಿ ನೌಕರಿ. ಔಷಧ ಮತ್ತು ತಪಾಸಣೆಗಳ ಖರ್ಚು ಅದರಿಂದಲೇ ನಡೆಯಬೇಕಾದ್ದರಿಂದ ಬಿಡುವ ಮಾತಿಲ್ಲ. ಜೊತೆಗೆ ಕಥೆ ಬರೆಯುತ್ತೇನೆ, ಅಥವಾ ಬರೆಯಲು ಹವಣಿಸುತ್ತೇನೆ, ಏಕೆಂದರೆ ಅದಕ್ಕೆ ಸಿಗುವುದು ಸಂಜೆ ಮಾತ್ರ. ಆ ಹೊತ್ತಿಗೆ ಒಂದು ವಾಕ್ಯವನ್ನು ಮೂರು ಬಾರಿ ಓದಿದರೂ ಅರ್ಥ ನಿಲ್ಲುವುದಿಲ್ಲ. ಕಚೇರಿಯಲ್ಲಿ ಯಾರಿಗೂ ಕಾಯಿಲೆಯ ವಿಷಯ ಹೇಳಿಲ್ಲ. ಅದನ್ನು ತಿಳಿದಿರುವ ಸಾಹಿತ್ಯದ ಗೆಳೆಯರು ಮಾತ್ರ ‘ಅದನ್ನೇ ಬರೆಯಿರಿ, ನಿಮ್ಮ ನಿಜವಾದ ಅನುಭವ ಅದೇ ಅಲ್ಲವೇ’ ಎಂದು ಒತ್ತಾಯಿಸುತ್ತಾರೆ. ನನಗೆ ಬರೆಯಬೇಕೆನಿಸುವುದು ಬೇರೆಯವರ ಬದುಕನ್ನು. ಕಚೇರಿಯಲ್ಲಿ ಮರೆಮಾಚುವುದೂ ಕಥೆಯಲ್ಲಿ ಬೇರೆಯದನ್ನು ಬರೆಯುವುದೂ ಒಂದೇ ಬಗೆಯ ಅಪ್ರಾಮಾಣಿಕತೆಯೇ? ಈ ಸ್ಥಿತಿಯಲ್ಲಿರುವವರು ದಿನವನ್ನು ಹೇಗೆ ಹಂಚಿಕೊಂಡಿದ್ದೀರಿ?

ಮುಂಜಾವು:

ಹಂಚಿಕೆಯ ಬಗ್ಗೆ ಮೊದಲು ಹೇಳುತ್ತೇನೆ. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುಗಳ ಕಾಯಿಲೆ, ಮಾಡುವುದು ಅನುವಾದ. ಬೆಳಿಗ್ಗೆ ಎದ್ದೊಡನೆ ಬೆರಳುಗಳು ಬಿಗಿದುಕೊಂಡಿರುವುದರಿಂದ ಟೈಪ್ ಮಾಡಲಾಗುವುದಿಲ್ಲ. ಆದರೆ ತಲೆ ತಿಳಿಯಾಗಿರುವುದೂ ಆಗಲೇ. ಆದ್ದರಿಂದ ಆ ಹೊತ್ತಿನಲ್ಲಿ ಮೊಬೈಲಿಗೆ ಮಾತಿನಲ್ಲೇ ಕರಡನ್ನು ಹೇಳಿಕೊಳ್ಳುತ್ತೇನೆ, ತಿದ್ದುವುದನ್ನು ಕೈ ಸಡಿಲವಾದ ಮೇಲೆ ಇಟ್ಟುಕೊಳ್ಳುತ್ತೇನೆ. ಕಚೇರಿಗೆ ಹೊರಡುವ ಮುನ್ನ ಅರ್ಧ ಗಂಟೆ ಸಿಕ್ಕರೂ ಅದನ್ನು ಕಥೆಗೆ ಕೊಟ್ಟು, ಸಂಜೆಯನ್ನು ಬರೆದದ್ದನ್ನು ನಕಲು ಮಾಡುವಂಥ, ಬುದ್ಧಿ ಬೇಡದ ಕೆಲಸಕ್ಕೆ ಬಿಡಿ.

ನಿಮ್ಮ ದಣಿವನ್ನು ‘ಲೂಪಸ್ ಅಂದಮೇಲೆ ಇದ್ದದ್ದೇ’ ಎಂದು ಒಪ್ಪಿಕೊಂಡು ಸುಮ್ಮನಾಗಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಸ್ಟೀರಾಯ್ಡ್‌ನಿಂದ ಕೆಟ್ಟ ನಿದ್ದೆ, ಇವೆಲ್ಲ ಅದರೊಳಗೆ ಬೆರೆತಿರಬಹುದು, ಮತ್ತು ಇವುಗಳಲ್ಲಿ ಹಲವಕ್ಕೆ ಪ್ರತ್ಯೇಕ ಚಿಕಿತ್ಸೆ ಇದೆ. ಸ್ಟೀರಾಯ್ಡನ್ನು ಬೆಳಿಗ್ಗೆಯೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಇನ್ನೊಂದು ಮಾತು: ದಣಿವಿನ ಬಗ್ಗೆ ಸಿಗುವ ಸಲಹೆಗಳೆಲ್ಲ ಎಲ್ಲ ಕಾಯಿಲೆಗಳಿಗೂ ಹೊಂದುವುದಿಲ್ಲ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ದೀರ್ಘಕಾಲದ ದಣಿವಿನ ಕಾಯಿಲೆ ಇರುವವರಿಗೆ ಶ್ರಮದ ಪರಿಣಾಮ ಒಂದೆರಡು ದಿನ ತಡವಾಗಿ ಬಂದು ಹಾಸಿಗೆ ಹಿಡಿಸಬಹುದಾದ್ದರಿಂದ, ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ವ್ಯಾಯಾಮವನ್ನು ಹಂತಹಂತವಾಗಿ ಏರಿಸುವ ಚಿಕಿತ್ಸೆಯನ್ನೇ ಕೈಬಿಟ್ಟಿತು. ಲೂಪಸ್‌ನಲ್ಲಾದರೋ ಮಿತವಾದ ವ್ಯಾಯಾಮ ದಣಿವನ್ನು ತಗ್ಗಿಸಬಲ್ಲದು.

ಒಳಬಾಗಿಲು:

ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಕಚೇರಿಯಲ್ಲಿ ಮರೆಮಾಚುವ ಬಗೆಗಿನ ನಿಮ್ಮ ಪ್ರಶ್ನೆಗೆ ಉತ್ತರಿಸುತ್ತೇನೆ. ಹೇಳದಿರುವುದು ಅಪ್ರಾಮಾಣಿಕತೆ ಎಂದು ನಾನು ಒಪ್ಪುವುದಿಲ್ಲ. ಕಾಯಿಲೆಯ ಹೆಸರು ನಿಮ್ಮ ಖಾಸಗಿ ವಿಷಯ. ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ಪಡೆಯಲಾಗದು, ಮತ್ತು ಹೇಳಿದ ಮೇಲೆ ಬಡ್ತಿಯ ಪಟ್ಟಿಯಿಂದ ಸದ್ದಿಲ್ಲದೆ ಜಾರಿದವರನ್ನು ನಾನು ಕಂಡಿದ್ದೇನೆ. ಆದರೆ ಮರೆಮಾಚುವುದಕ್ಕೂ ಶ್ರಮ ಬೇಕು, ಆ ಶ್ರಮ ನಿಮ್ಮ ಕಥೆಗೆ ಸಲ್ಲಬೇಕಾದದ್ದು. ಆದ್ದರಿಂದ ರೋಗದ ಹೆಸರನ್ನು ಬದಿಗಿಟ್ಟು, ನಿಮಗೆ ಬೇಕಾದ ವ್ಯವಸ್ಥೆಯನ್ನಷ್ಟೇ ಬರಹದಲ್ಲಿ ಕೇಳುವುದು ಒಳ್ಳೆಯದು. ‘ವೈದ್ಯಕೀಯ ಕಾರಣದಿಂದ ಮಧ್ಯಾಹ್ನದ ನಂತರ ಏಕಾಗ್ರತೆ ಕಡಿಮೆಯಾಗುತ್ತದೆ, ಲೆಕ್ಕ ತಾಳೆ ನೋಡುವ ಕೆಲಸವನ್ನು ಬೆಳಿಗ್ಗೆಗೆ ಹಾಕಿಕೊಟ್ಟರೆ ಅನುಕೂಲ’ ಎಂಬಷ್ಟು ಸಾಕು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ಉದ್ಯೋಗದಾತರಿಗೆ ಅತಿಯಾದ ಹೊರೆಯಾಗದಂತೆ ಇಂಥ ಹೊಂದಾಣಿಕೆ ಮಾಡಿಕೊಡಬೇಕೆನ್ನುತ್ತದೆ. ನಿಮ್ಮ ಕಾಯಿಲೆ ಅದರ ವ್ಯಾಪ್ತಿಗೆ ಬರುತ್ತದೆಯೇ, ಯಾವ ಪ್ರಮಾಣಪತ್ರ ಬೇಕು ಎಂಬುದು ಮಾತ್ರ ಆಯಾ ದೇಶದ ಕಾನೂನಿಗೆ ಬಿಟ್ಟ ವಿಚಾರವಾದ್ದರಿಂದ, ಬಾಯಿ ಬಿಡುವ ಮೊದಲು ಅದನ್ನು ಓದಿಕೊಳ್ಳಿ.

ತಿದ್ದುಪಡಿ:

ಕಥೆಯಲ್ಲಿ ಬೇರೆಯದನ್ನು ಬರೆಯುವುದು ಅಪ್ರಾಮಾಣಿಕತೆಯೇ ಎಂಬ ಪ್ರಶ್ನೆಗೆ ಲೂಪಸ್ ಇದ್ದ ಲೇಖಕಿಯೊಬ್ಬರ ಉದಾಹರಣೆಯೇ ಇದೆ. ಅಮೆರಿಕದ ಫ್ಲಾನರಿ ಒ’ಕಾನರ್ ಅವರ ತಂದೆ ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು; ಇಪ್ಪತ್ತರ ಹರೆಯದಲ್ಲೇ ಅವರಲ್ಲೂ ಅದು ಕಾಣಿಸಿಕೊಂಡು, 1964ರಲ್ಲಿ 39ನೆಯ ವಯಸ್ಸಿಗೆ ತೀರಿಕೊಂಡರು. ತಾಯಿಯ ಜೊತೆ ಹೊಲಮನೆಯಲ್ಲಿದ್ದು, ದಿನವೂ ಬೆಳಗಿನ ಕೆಲವೇ ಗಂಟೆ ಬರೆಯುತ್ತಿದ್ದರು. ಅವರು ಬರೆದದ್ದು ತಮ್ಮ ರೋಗದ ಆತ್ಮಕಥೆಯನ್ನಲ್ಲ. ಮಾರಾಟಗಾರರು, ಧರ್ಮಬೋಧಕರು, ಗರ್ವಿಷ್ಠ ತಾಯಂದಿರು ಅವರ ಪಾತ್ರಗಳು. ಹಾಗೆಂದು ದೇಹ ಅಲ್ಲಿ ಇಲ್ಲವೆಂದಲ್ಲ: ಮರದ ಕಾಲಿನ ಹೆಂಗಸು, ಜ್ವರದಿಂದ ಮನೆಗೆ ಮರಳಿದ ಯುವಕ ಅವರ ಕಥೆಗಳಲ್ಲಿ ಬರುತ್ತಾರೆ. ಅನುಭವ ಹೀಗೆ ಇನ್ನೊಬ್ಬರ ಮೈಯೊಳಗೆ ಸೇರಿ ಬರುವುದೂ ನಿಜದ ಒಂದು ದಾರಿ. ನಿಮ್ಮ ಗೆಳೆಯರು ಕೇಳುತ್ತಿರುವುದು ಬರಿಯ ಸಾಕ್ಷ್ಯವನ್ನು.

ದೇಹಕ್ಕೆ ತಕ್ಕಂತೆ ರೂಪವನ್ನೂ ಬದಲಿಸಬಹುದು. 1941ರ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಾಗಿ ಹಾಸಿಗೆ ಮತ್ತು ಗಾಲಿಕುರ್ಚಿಗೆ ಸೀಮಿತರಾದ ಚಿತ್ರಕಾರ ಮಾಟೀಸ್, ಬಣ್ಣದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಜೋಡಿಸುವ ಕಲೆಯನ್ನೇ ತಮ್ಮ ಮುಖ್ಯ ಮಾಧ್ಯಮವಾಗಿಸಿಕೊಂಡರು. ದೀರ್ಘ ಕಥೆ ಕೈಗೆ ಹತ್ತದಿದ್ದರೆ ಒಂದು ಬೈಠಕ್ಕಿನಲ್ಲಿ ಮುಗಿಯುವ ಬಿಡಿ ಖಂಡಗಳಲ್ಲಿ ಬರೆದು ನೋಡಿ.

ಹೊರೆಗೆಲಸ:

ತಿದ್ದುಪಡಿ ಅವರ ಮಾತನ್ನು ಪೂರ್ತಿ ಅಲ್ಲಗಳೆಯುವುದಿಲ್ಲ, ಆದರೆ ಇಂಥ ದೊಡ್ಡ ಹೆಸರುಗಳು ನಮ್ಮಂಥವರ ಬೆನ್ನಿಗೆ ಬಾರುಕೋಲಾಗುವುದನ್ನು ನೋಡಿ ಸಾಕಾಗಿದೆ. ಒ’ಕಾನರ್ ಅವರ ಹೊಲ ಮನೆ ಎರಡನ್ನೂ ತಾಯಿ ನಡೆಸುತ್ತಿದ್ದರು. ಮಾಟೀಸ್ ಅವರ ಕಾಗದಗಳಿಗೆ ಬಣ್ಣ ಬಳಿದದ್ದೂ, ಅವರು ತೋರಿಸಿದ ಜಾಗದಲ್ಲಿ ತುಂಡುಗಳನ್ನು ಗೋಡೆಗೆ ಚುಚ್ಚಿದ್ದೂ ಸಹಾಯಕರು. ಇಬ್ಬರಲ್ಲಿ ಯಾರೂ ದಿನವಿಡೀ ಕಚೇರಿಯಲ್ಲಿ ಕುಳಿತು ಬಂದು ಆಮೇಲೆ ಅಡುಗೆಮನೆಗೆ ಹೋದವರಲ್ಲ. ಅವರ ಶಿಸ್ತನ್ನು ಹೊಗಳುವವರು ಈ ಕೈಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕರಡುಪ್ರತಿಯವರೇ, ನೀವು ನೌಕರಿಯ ಬಗ್ಗೆ ಹೇಳಿದಿರಿ, ಕಥೆಯ ಬಗ್ಗೆ ಹೇಳಿದಿರಿ. ಮನೆಗೆಲಸದ ಬಗ್ಗೆ ಒಂದು ಮಾತೂ ಬರೆದಿಲ್ಲ. ಅದನ್ನು ಯಾರು ಮಾಡುತ್ತಾರೆ? ನೀವೇ ಆದರೆ ಬರವಣಿಗೆಯ ಸಮಯ ಸೋರಿಹೋಗುತ್ತಿರುವುದು ಅಲ್ಲಿಯೂ ಹೌದು. ಕಚೇರಿಯಲ್ಲಿ ಹೇಳಬೇಕೋ ಬೇಡವೋ ಎಂದು ಯೋಚಿಸುವ ಮೊದಲು ಮನೆಯವರಿಗೆ ಪೂರ್ತಿಯಾಗಿ ಹೇಳಿದ್ದೀರಾ? ‘ನನಗೆ ಸುಸ್ತು’ ಎಂದಲ್ಲ. ‘ಪಾತ್ರೆ ತೊಳೆದರೆ ಈ ದಿನ ಬರೆಯಲಾಗುವುದಿಲ್ಲ’ ಎಂದು.

ಕರಡುಪ್ರತಿ:

ಎಲ್ಲರಿಗೂ ಧನ್ಯವಾದಗಳು. ಮನೆಗೆಲಸದ ಪ್ರಶ್ನೆಗೆ ಉತ್ತರ: ಬಹುಪಾಲು ನಾನೇ. ಸುಸ್ತು ಎಂದು ಹೇಳಿದ್ದೇನೆ, ಪಾತ್ರೆಗೂ ಕಥೆಗೂ ಇರುವ ಸಂಬಂಧವನ್ನು ಎಂದೂ ಹೇಳಿಲ್ಲ. ಕಚೇರಿಗೆ ಒಳಬಾಗಿಲು ಅವರ ವಾಕ್ಯವನ್ನೇ ಬಳಸಿ ಮನವಿ ಬರೆಯುತ್ತೇನೆ. ಆದರೆ ಮನವಿ ಒಪ್ಪಿದ ಮೇಲೆ ಸಹೋದ್ಯೋಗಿಗಳು ‘ಇವರಿಗೆ ಮಾತ್ರ ಯಾಕೆ’ ಎಂದು ಕೇಳಿದರೆ?

ಒಳಬಾಗಿಲು:

ಅದಕ್ಕೆ ಉತ್ತರಿಸಬೇಕಾದವರು ಮೇಲಧಿಕಾರಿ, ನೀವಲ್ಲ. ಮನವಿಯ ಕೊನೆಯಲ್ಲಿ ‘ಕಾರಣವನ್ನು ಗೌಪ್ಯವಾಗಿಡಬೇಕೆಂದು ಕೋರುತ್ತೇನೆ’ ಎಂಬ ಸಾಲು ಸೇರಿಸಿ, ಒಂದು ಪ್ರತಿಯನ್ನು ದಿನಾಂಕ ಸಹಿತ ನಿಮ್ಮಲ್ಲೇ ಇಟ್ಟುಕೊಳ್ಳಿ.